ಜುಜುತ್ಸು: ಕಲಿಯುವುದೂ ಕಲಿಸುವುದೂ

ಈ ವರ್ಷದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯ ಗೆಳತಿಯೊಬ್ಬಳು ಕೇಳಿದಾಗ, ನನ್ನ ಐಚ್ಛಿಕ ವಿಷಯವಾದ ಇತಿಹಾಸದಿಂದ ಏನಾದರೂ ಬರೆದುಕೊಡೋಣವೆಂದು ಮೊದಲು ಯೋಚಿಸಿದ್ದೆ. “ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನೀನು ಸಂಜೆ ಹೊತ್ತು ಮಕ್ಕಳನ್ನು ಎತ್ತಿ ಎತ್ತಿ ಹಾಕುತ್ತೀಯಂತಲ್ಲ, ಅದನ್ನು ಬರೆ” ಎಂದಳು. ನಾನು ಮಕ್ಕಳಿಗೆ ಮುಖ್ಯವಾಗಿ ಕಲಿಸುವುದು ಬೀಳುವುದನ್ನು ಎಂದು ಎಷ್ಟು ಹೇಳಿದರೂ ಅವಳಿಗೆ ನಗು ತಡೆಯಲಾಗಲಿಲ್ಲ. “ಬೀಳುವುದಕ್ಕೂ ಒಬ್ಬ ಮೇಷ್ಟರು ಬೇಕೆ?” ಎಂದಳು. ಅವಳ ಆ ಪ್ರಶ್ನೆಗೆ ಉತ್ತರವೇ ಈ ಲೇಖನವೆಂದು ವಾಚಕರು ತಿಳಿಯಬಹುದು.

ಜುಜುತ್ಸು ಎಂದೊಡನೆ ಅನೇಕರ ಕಣ್ಣಮುಂದೆ ಸಿನಿಮಾ ನಾಯಕನ ಹೊಡೆದಾಟ ಬಂದು ನಿಲ್ಲುತ್ತದೆ. ಕರಾಟೆಗೂ ಇದಕ್ಕೂ ಭೇದವೇನೆಂದು ಕೇಳುವವರೂ ಉಂಟು. ಕರಾಟೆಯಲ್ಲಿ ಏಟಿಗೆ ಪ್ರಾಧಾನ್ಯ; ಜುಜುತ್ಸುವಿನಲ್ಲಿ ಹಿಡಿತಕ್ಕೆ. ಹಿಡಿಯುವುದು, ಸಮತೋಲ ತಪ್ಪಿಸಿ ಕೆಡಹುವುದು, ಕೆಡಹಿದ ಮೇಲೆ ಅಲುಗದಂತೆ ಒತ್ತಿಟ್ಟುಕೊಳ್ಳುವುದು, ಇವೇ ಇದರ ಮುಖ್ಯ ಅಂಗಗಳು. ನಾನು ಇದರಲ್ಲಿ ಪಾರಂಗತಳೇನೂ ಅಲ್ಲ. ಐದು ವರ್ಷಗಳಿಂದ ಕಲಿಯುತ್ತಿದ್ದೇನೆ. ಎರಡು ವರ್ಷಗಳಿಂದ ನಮ್ಮ ಗುರುಗಳ ಕೈಕೆಳಗೆ ಸಹಾಯಕ ಶಿಕ್ಷಕಿಯಾಗಿದ್ದೇನೆ. ನನ್ನ ಸೊಂಟದಲ್ಲಿರುವುದು ಇನ್ನೂ ಕಂದು ಪಟ್ಟಿಯೇ. ಆದುದರಿಂದ ಇಲ್ಲಿ ಹೇಳುವುದನ್ನು ಕಲಿಯುತ್ತಿರುವ ಒಬ್ಬಳ ಮಾತೆಂದು ಎಣಿಸಬೇಕಾಗಿ ಪ್ರಾರ್ಥನೆ.

ಹೆಸರು ಮತ್ತು ಹಿನ್ನೆಲೆ

ಜಪಾನೀ ಭಾಷೆಯಲ್ಲಿ ‘ಜು’ ಎಂದರೆ ಮೃದುತ್ವ, ಬಗ್ಗುವಿಕೆ. ‘ಜುತ್ಸು’ ಎಂದರೆ ವಿದ್ಯೆ, ಕೌಶಲ. ಬಗ್ಗಿ ಗೆಲ್ಲುವ ವಿದ್ಯೆ ಎಂದು ನಾವು ಹೇಳಬಹುದು. ಆಯುಧ ಕೈತಪ್ಪಿದಾಗ, ಅಥವಾ ಆಯುಧ ಬೀಸಲು ಎಡೆಯಿಲ್ಲದಷ್ಟು ಹತ್ತಿರಕ್ಕೆ ಶತ್ರು ಬಂದಾಗ, ಜಪಾನಿನ ಯೋಧರು ಬಳಸುತ್ತಿದ್ದ ಪಟ್ಟುಗಳೇ ಇದರ ಮೂಲ. ಇದರ ಹಳೆಯ ಪರಂಪರೆಗಳಲ್ಲಿ ಒಂದಾದ ತಾಕೆನೊಉಚಿ ಪಂಥವು ೧೫೩೨ರಲ್ಲಿ ಹುಟ್ಟಿತೆಂದು ಸಂಪ್ರದಾಯ ಹೇಳುತ್ತದೆ. ೧೮೬೮ರ ಮೇಜಿ ಪರಿವರ್ತನೆಯ ನಂತರ ಯೋಧವರ್ಗಕ್ಕೆ ಹಿಂದಿನ ಸ್ಥಾನ ಉಳಿಯಲಿಲ್ಲ. ೧೮೭೬ರಲ್ಲಿ ಕತ್ತಿ ಧರಿಸುವ ಹಕ್ಕೂ ಹೋಯಿತು. ಜುಜುತ್ಸು ಕಲಿಸುತ್ತಿದ್ದವರಲ್ಲಿ ಅನೇಕರು ಮೂಳೆ ಕೂಡಿಸುವ ವೈದ್ಯವನ್ನೇ ನಂಬಿ ಜೀವನ ಸಾಗಿಸಬೇಕಾಯಿತು. ಮೂಳೆ ಮುರಿಯಬಲ್ಲ ವಿದ್ಯೆಯನ್ನು ಬಲ್ಲವರೇ ಮೂಳೆ ಕೂಡಿಸುವುದನ್ನೂ ಬಲ್ಲವರಾಗಿದ್ದರೆಂಬುದು ಗಮನಿಸತಕ್ಕ ಸಂಗತಿ.

ಅಂತಹ ದಿನಗಳಲ್ಲಿ ಈ ವಿದ್ಯೆಯನ್ನು ಉಳಿಸಿದವರು ಕಾನೊ ಜಿಗೊರೊ. ಇವರು ೧೮೬೦ರಲ್ಲಿ ಹುಟ್ಟಿದರು. ಮೈಯಲ್ಲಿ ಸಣ್ಣಗಿದ್ದ ಈ ಹುಡುಗ ಶಾಲೆಯಲ್ಲಿ ಬಲಿಷ್ಠರಿಂದ ಪೀಡೆಗೊಳಗಾಗಿ, ಜುಜುತ್ಸು ಕಲಿಸುವವರನ್ನು ಹುಡುಕಿಕೊಂಡು ಮೂಳೆವೈದ್ಯರ ಮನೆಗಳನ್ನು ಅಲೆದರು. ಕೊನೆಗೆ ೧೮೭೭ರಲ್ಲಿ, ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದಾಗ, ಫುಕುಡ ಹಚಿನೊಸುಕೆ ಎಂಬ ಗುರುಗಳು ದೊರೆತರು. ಒಂದು ಪಟ್ಟನ್ನು ಹೇಗೆ ಹಾಕುವುದೆಂದು ಕಾನೊ ಕೇಳಿದಾಗ ಗುರುಗಳು ವಿವರಣೆ ಕೊಡದೆ ಅವರನ್ನು ಮತ್ತೆ ಮತ್ತೆ ಎಸೆದರಂತೆ; ಎಷ್ಟು ಸಲ ಬಿದ್ದರೆ ಅಷ್ಟು ತಿಳಿಯುತ್ತದೆ ಎಂಬುದು ಅವರ ಬೋಧನಾಕ್ರಮ.

೧೮೮೨ರಲ್ಲಿ ಕಾನೊ ಟೋಕಿಯೊ ನಗರದ ಐಶೊಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಒಂದು ಕೋಣೆಯಲ್ಲಿ ತಮ್ಮ ಸ್ವಂತ ಶಾಲೆಯನ್ನು ತೆರೆದರು. ಅದೇ ಕೊಡೊಕಾನ್. ಮೊದಲ ವರ್ಷ ಸೇರಿದವರು ಒಂಬತ್ತೇ ಮಂದಿ. ಅಪಾಯಕರವಾದ ಪಟ್ಟುಗಳನ್ನು ಬೇರ್ಪಡಿಸಿ, ಉಳಿದುದನ್ನು ಕ್ರಮಪಡಿಸಿ, ‘ಜುತ್ಸು’ ಎಂಬುದರ ಬದಲು ಮಾರ್ಗ ಎಂಬರ್ಥದ ‘ದೊ’ ಎಂಬ ಮಾತನ್ನು ಸೇರಿಸಿ ಅದಕ್ಕೆ ಜೂಡೊ ಎಂದು ಹೆಸರಿಟ್ಟರು. ಕಾನೊ ವೃತ್ತಿಯಿಂದ ಉಪಾಧ್ಯಾಯರು. ಟೋಕಿಯೊವಿನ ಉನ್ನತ ಶಿಕ್ಷಕರ ತರಬೇತಿ ಶಾಲೆಗೆ ದೀರ್ಘಕಾಲ ಮುಖ್ಯಸ್ಥರಾಗಿದ್ದವರು. ಒಬ್ಬ ಮೇಷ್ಟರ ಕೈಗೆ ಸಿಕ್ಕಿದ್ದರಿಂದಲೇ ಯುದ್ಧವಿದ್ಯೆಯೊಂದು ಶಾಲೆಯ ಪಾಠವಾಯಿತೆಂದು ನನ್ನ ಭಾವನೆ. ೧೯೬೪ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೊ ಮೊದಲ ಬಾರಿಗೆ ಸೇರಿತು. ಕೊಡೊಕಾನಿನಲ್ಲಿ ಕಲಿತ ಮಾಯೆದಾ ಮಿತ್ಸುಯೊ ೧೯೧೪ರಲ್ಲಿ ಬ್ರೆಜಿಲಿಗೆ ಹೋಗಿ ನೆಲೆಸಿದ್ದರಿಂದ ಅಲ್ಲಿ ನೆಲದ ಮೇಲಿನ ಹಿಡಿತಗಳಿಗೆ ಪ್ರಾಧಾನ್ಯವುಳ್ಳ ಇನ್ನೊಂದು ಶಾಖೆ ಬೆಳೆಯಿತು. ಅದನ್ನು ಕಲಿಸುವ ಶಾಲೆಗಳು ಇಂದು ಬೆಂಗಳೂರಿನಲ್ಲಿಯೂ ಇವೆ.

ಭಾರತಕ್ಕೂ ಇದು ತೀರ ಹೊಸದಲ್ಲ. ರವೀಂದ್ರನಾಥ ಠಾಕೂರರು ೧೯೦೫ರಲ್ಲಿಯೇ ಸಾನೊ ಜಿನ್ನೊಸುಕೆ ಎಂಬ ಜಪಾನೀ ಶಿಕ್ಷಕರನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡಿದ್ದರು. ೧೯೨೯ರಲ್ಲಿ ತಾಕಾಗಾಕಿ ಶಿಂಜೊ ಬಂದು ಅಲ್ಲಿನ ಹುಡುಗರಿಗೂ ಹುಡುಗಿಯರಿಗೂ ಈ ವಿದ್ಯೆಯನ್ನು ಕಲಿಸಿದರು. ನಮ್ಮ ನಾಡಿನಲ್ಲಂತೂ ಗರಡಿಮನೆಗಳ ಪರಂಪರೆ ಬಹಳ ಹಿಂದಿನದು. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿದ್ಯೆಯ ವಿಚಾರ ವಿಸ್ತಾರವಾಗಿಯೇ ಬಂದಿದೆ. ನಮ್ಮ ಕುಸ್ತಿಯ ಪಟ್ಟುಗಳನ್ನೂ ಜಪಾನಿನ ಪಟ್ಟುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವು ಪರಸ್ಪರ ನೆಂಟರೇನೋ ಎನ್ನಿಸುತ್ತದೆ. ಮನುಷ್ಯನ ಕೈಕಾಲುಗಳು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ ಮಡಚುತ್ತವೆಯಲ್ಲವೆ?

ತತ್ತ್ವ

ಕಾನೊ ಇದರ ತತ್ತ್ವವನ್ನು ಒಂದು ಲೆಕ್ಕದ ಮೂಲಕ ವಿವರಿಸುತ್ತಿದ್ದರು. ಎದುರಾಳಿಯ ಬಲ ೧೦ ಎಂದೂ ನನ್ನ ಬಲ ೭ ಎಂದೂ ಇಟ್ಟುಕೊಳ್ಳೋಣ. ಅವನು ತಳ್ಳಿದಾಗ ನಾನು ಎದುರು ತಳ್ಳಿದರೆ ಸೋಲುವವಳು ನಾನೇ. ಆದರೆ ಅವನು ತಳ್ಳಿದಷ್ಟೂ ನಾನು ಹಿಂದೆ ಸರಿದರೆ ಅವನು ಮುಂದಕ್ಕೆ ವಾಲುತ್ತಾನೆ. ಸಮತೋಲ ತಪ್ಪಿದ ಆ ಕ್ಷಣದಲ್ಲಿ ಅವನು ಬಳಸಬಲ್ಲ ಬಲ ೩ಕ್ಕೆ ಇಳಿದಿರುತ್ತದೆ. ನನ್ನ ೭ ಹಾಗೆಯೇ ಉಳಿದಿರುತ್ತದೆ. ಆಗ ಅದರಲ್ಲಿ ಅರ್ಧದಷ್ಟು ಬಲವೇ ಅವನನ್ನು ಕೆಡಹಲು ಸಾಕು. ನಾವು ಬಾಗಿಲನ್ನು ಭುಜ ಕೊಟ್ಟು ನೂಕುವ ಹೊತ್ತಿಗೆ ಒಳಗಿನವರು ಚಿಲಕ ತೆಗೆದರೆ ಏನಾಗುತ್ತದೆಂಬುದನ್ನು ಅನುಭವಿಸಿದವರಿಗೆ ಇದು ಸುಲಭವಾಗಿ ಅರ್ಥವಾದೀತು.

ಒಂದು ಎಸೆತದಲ್ಲಿ ಮೂರು ಹಂತಗಳಿವೆ: ಸಮತೋಲ ಕೆಡಿಸುವುದು, ತನ್ನ ದೇಹವನ್ನು ತಕ್ಕ ಸ್ಥಾನಕ್ಕೆ ತರುವುದು, ಎಸೆಯುವುದು. ನೋಡುವವರ ಕಣ್ಣಿಗೆ ಬೀಳುವುದು ಮೂರನೆಯದು ಮಾತ್ರ. ಹೊಸಬರು ಮೂರನೆಯದರಿಂದಲೇ ಆರಂಭಿಸಲು ಹಂಬಲಿಸುತ್ತಾರೆ. ಕಲಿಸುವವರೂ ಹಾಗೆ ಹಂಬಲಿಸಿದರೆ ಆಗುವ ಅನಾಹುತವನ್ನು ಮುಂದೆ ಹೇಳುತ್ತೇನೆ.

ಕಾನೊ ತಮ್ಮ ಶಿಷ್ಯರಿಗೆ ಎರಡು ಸೂತ್ರಗಳನ್ನು ಕೊಟ್ಟರು. ಮೊದಲನೆಯದು ‘ಸೆಯ್‌ರ್ಯೋಕು ಜೆನ್‌ಯೋ’, ಅಂದರೆ ಶಕ್ತಿಯ ಸದ್ವಿನಿಯೋಗ. ಎರಡನೆಯದು ‘ಜಿತಾ ಕ್ಯೋಎಯ್’, ಅಂದರೆ ತನಗೂ ಪರರಿಗೂ ಕೂಡಿದ ಏಳಿಗೆ. ಮೊದಲನೆಯದು ನನಗೆ ಬೇಗ ತಿಳಿಯಿತು. ಎರಡನೆಯದು ತಿಳಿಯಲು ಒಬ್ಬ ಹುಡುಗನ ಮೂಳೆ ಮುರಿಯಬೇಕಾಯಿತು.

ನಾನು ಕಲಿತದ್ದು

ನಮ್ಮ ಗುರುಗಳು ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು; ಸೇನೆಯಲ್ಲಿದ್ದಾಗಲೇ ಜೂಡೊ ಕಲಿತು, ಆತ್ಮರಕ್ಷಣೆಗೆ ಉಪಯುಕ್ತವಾದ ಹಳೆಯ ಜುಜುತ್ಸು ಪಟ್ಟುಗಳನ್ನೂ ಅಭ್ಯಾಸ ಮಾಡಿದವರು. ಊರಿನವರು ಅವರನ್ನು ಸುಬೇದಾರ್ ಸಾಹೇಬರೆಂದೇ ಕರೆಯುತ್ತಾರೆ. ಹಳೆಯ ಗರಡಿಯ ಪಕ್ಕದ ಸಮುದಾಯ ಭವನದಲ್ಲಿ ಸಂಜೆ ತರಗತಿ ನಡೆಯುತ್ತದೆ. ಮದುವೆಯಿದ್ದ ದಿನ ತರಗತಿ ಇಲ್ಲ.

ಪದವಿಪೂರ್ವ ತರಗತಿಯಲ್ಲಿದ್ದಾಗ ಚಿಕ್ಕಪ್ಪನ ಜೊತೆ ಹೋಗಿ ಸೇರಿದೆ. ಮೊದಲ ಆರು ವಾರ ಗುರುಗಳು ನನಗೆ ಕಲಿಸಿದ್ದು ಬೀಳುವುದೊಂದನ್ನೇ. ಮೊದಲು ಕುಳಿತಲ್ಲಿಂದ, ಆಮೇಲೆ ಕುಕ್ಕರುಗಾಲಿನಿಂದ, ಆಮೇಲೆ ನಿಂತಲ್ಲಿಂದ, ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ, ಕೊನೆಗೆ ಉರುಳಿ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡಿರಬೇಕು. ಇಲ್ಲವಾದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿರಬೇಕು. ಬೆನ್ನು ನೆಲ ಮುಟ್ಟುವಾಗಲೇ ಎರಡು ತೋಳುಗಳನ್ನೂ ಮೈಯಿಂದ ಸುಮಾರು ೩೦ರಿಂದ ೪೫ ಡಿಗ್ರಿಗಳಷ್ಟು ಅಗಲಿಸಿ, ಅಂಗೈ ಕೆಳಮುಖವಾಗಿರುವಂತೆ ನೆಲಕ್ಕೆ ಬಡಿಯಬೇಕು. ಉಸಿರನ್ನು ಹೊರಕ್ಕೆ ಬಿಡಬೇಕು. ಏಟು ಒಂದೇ ಬಿಂದುವಿನ ಮೇಲೆ ಬೀಳದೆ ಹೆಚ್ಚು ಮೈಯ ಮೇಲೆ, ಹೆಚ್ಚು ಹೊತ್ತಿಗೆ ಹಂಚಿಹೋಗಲಿ ಎಂಬುದೇ ಇದರ ಹಿಂದಿನ ಭೌತಶಾಸ್ತ್ರ.

ಇದಕ್ಕೆ ದೊಡ್ಡ ವಿರೋಧಿ ನಮ್ಮ ಸ್ವಭಾವವೇ. ಬೀಳುವವನು ಯೋಚಿಸದೆ ಕೈಯನ್ನು ನೆಲಕ್ಕೆ ಊರುತ್ತಾನೆ. ಇಡೀ ದೇಹದ ಭಾರ ಆ ಒಂದು ಅಂಗೈಯಿಂದ ಮಣಿಕಟ್ಟು, ಮೊಣಕೈ, ಭುಜಗಳ ಮೂಲಕ ಏರಿ, ಎಲ್ಲಿ ದುರ್ಬಲವೋ ಅಲ್ಲಿ ಮೂಳೆಯನ್ನು ಮುರಿಯುತ್ತದೆ. ಆದುದರಿಂದ ಬೀಳುವುದನ್ನು ಕಲಿಯುವುದೆಂದರೆ ಹುಟ್ಟಿನಿಂದ ಬಂದ ಒಂದು ಅಭ್ಯಾಸವನ್ನು ಬಿಡುವುದು. ಅದಕ್ಕೆ ದಿನಗಳು ಸಾಲವು, ವಾರಗಳು ಬೇಕು.

ನನ್ನ ತಪ್ಪು

ಮೂರು ವರ್ಷ ಕಲಿತ ಮೇಲೆ ಗುರುಗಳು ಮಕ್ಕಳ ತರಗತಿಯನ್ನು ನನಗೆ ಒಪ್ಪಿಸಿದರು. ಎಂಟರಿಂದ ಹನ್ನೆರಡು ವರ್ಷದ ಹದಿನಾಲ್ಕು ಮಕ್ಕಳು. ‘ಅಕ್ಕ, ಅಕ್ಕ’ ಎಂದು ಸುತ್ತ ಮುತ್ತಿಕೊಂಡಾಗ ನನಗೆ ಹೆಮ್ಮೆಯಾಗದಿರಲಿಲ್ಲ. ಗಣರಾಜ್ಯೋತ್ಸವದ ದಿನ ತಾಲ್ಲೂಕು ಕ್ರೀಡಾಂಗಣದಲ್ಲಿ ಪ್ರದರ್ಶನ ಕೊಡಲು ನಮಗೆ ಕರೆ ಬಂದಿತ್ತು. ಬರಿಯ ಬೀಳುವಿಕೆಯನ್ನು ಯಾರು ನೋಡುತ್ತಾರೆ ಎನ್ನಿಸಿತು. ಮಕ್ಕಳೂ ‘ಅಕ್ಕ, ಎಸೆಯೋದು ಯಾವಾಗ?’ ಎಂದು ದಿನವೂ ಪೀಡಿಸುತ್ತಿದ್ದರು. ಹೊಸದಾಗಿ ಸೇರಿದ್ದ ನಾಲ್ವರಿಗೆ ಎರಡೇ ದಿನ ಬೀಳುವುದನ್ನು ಹೇಳಿಕೊಟ್ಟು, ಮೂರನೆಯ ದಿನ ಉಳಿದವರ ಜೊತೆಗೆ ನಿಲ್ಲಿಸಿ ‘ಓ-ಸೊಟೊ-ಗಾರಿ’ ಎಂಬ ಪಟ್ಟನ್ನು ಆರಂಭಿಸಿಬಿಟ್ಟೆ. ಎದುರಾಳಿಯನ್ನು ಹಿಂದಕ್ಕೆ ವಾಲಿಸಿ, ಅವನ ಕಾಲನ್ನು ಹೊರಗಿನಿಂದ ಕುಡುಗೋಲಿನಂತೆ ಕೊಯ್ದು ಅಂಗಾತ ಕೆಡಹುವ ಪಟ್ಟು ಅದು. ಗುರುಗಳು ಆ ವಾರ ಊರಲ್ಲಿರಲಿಲ್ಲ.

ಹತ್ತು ವರ್ಷದ ಹೊಸ ಹುಡುಗನೊಬ್ಬನನ್ನು ಅವನಿಗಿಂತ ಸ್ವಲ್ಪ ದಪ್ಪಗಿದ್ದ ಹುಡುಗನೊಬ್ಬ ಎಸೆದ. ಬಿದ್ದವನು ಹಿಂದಕ್ಕೆ ಕೈ ಊರಿದ. ಎಸೆದವನು ಗೆದ್ದ ಸಂತೋಷದಲ್ಲಿ ಅವನ ತೋಳನ್ನು ಕೈಬಿಟ್ಟಿದ್ದ. ಕಡ್ಡಿ ಮುರಿದಂತಹ ಒಂದು ಸಣ್ಣ ಸದ್ದಾಯಿತು. ಆಸ್ಪತ್ರೆಯಲ್ಲಿ ಚಿತ್ರ ತೆಗೆದು ಕೊರಳೆಲುಬು ಮುರಿದಿದೆಯೆಂದು ಹೇಳಿ, ಕೈಯನ್ನು ಕೊರಳಿಗೆ ತೂಗುಹಾಕಿ ಕಳುಹಿಸಿದರು.

ಆ ಸಂಜೆಯ ಎರಡು ಮಾತುಗಳನ್ನು ನಾನು ಮರೆಯಲಾರೆ. ಒಂದು, ಎಸೆದ ಹುಡುಗನದು. ಅವನು ಭವನದ ಮೆಟ್ಟಿಲ ಮೇಲೆ ಒಬ್ಬನೇ ಕುಳಿತು ಅಳುತ್ತಿದ್ದ. ಗಡಿಬಿಡಿಯಲ್ಲಿ ಅವನನ್ನು ಯಾರೂ ವಿಚಾರಿಸಿರಲಿಲ್ಲ. “ಅಕ್ಕ, ಅವನು ಸತ್ತು ಹೋಗ್ತಾನಾ?” ಎಂದು ಕೇಳಿದ. ಇನ್ನೊಂದು, ಬಿದ್ದ ಹುಡುಗನ ತಂದೆಯದು. ಅವರು ಬಸ್ ನಿಲ್ದಾಣದ ಹತ್ತಿರ ಎಳನೀರು ಮಾರುವವರು. ನನ್ನನ್ನು ಬೈಯಲಿಲ್ಲ. “ನಮ್ಮ ಹುಡುಗನಿಗೆ ಬೀಳೋದು ಹೇಳಿಕೊಟ್ಟಿದ್ರಾ ಮೇಡಂ?” ಎಂದು ಮಾತ್ರ ಕೇಳಿದರು. “ಹೇಳಿಕೊಟ್ಟಿದ್ದೆ” ಎಂದೆ. ಅದು ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಗುರುಗಳು ಊರಿಂದ ಬಂದ ಮೇಲೆ ಎಲ್ಲವನ್ನೂ ಹೇಳಿ, ನಾಳೆಯಿಂದ ಬರುವುದಿಲ್ಲವೆಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಅಮ್ಮಾ, ಬಿದ್ದವನಿಗೆ ಬೀಳೋದು ಕಲಿಸಲಿಲ್ಲ, ಅದೊಂದು ತಪ್ಪು. ಎಸೆದವನಿಗೆ ಹಿಡ್ಕೊಳ್ಳೋದು ಕಲಿಸಲಿಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ಬಿಟ್ಟು ಹೋಗೋದು ಸುಲಭ. ಇನ್ನು ಮೂರು ತಿಂಗಳು ನೀನು ಯಾರನ್ನೂ ಎಸೆಯಬೇಡ. ಎಲ್ಲರ ಕೈಲೂ ಬೀಳು.”

ಆ ಮೂರು ತಿಂಗಳು ನಾನು ದೊಡ್ಡವರ ತರಗತಿಯಲ್ಲಿಯೂ ಮಕ್ಕಳ ತರಗತಿಯಲ್ಲಿಯೂ ಬೀಳುವವಳಾದೆ. ಹೊಸಬರ ಒರಟು ಕೈಗಳಲ್ಲಿ, ಹೆದರುವವರ ನಡುಗುವ ಕೈಗಳಲ್ಲಿ, ದಿನಕ್ಕೆ ಅರವತ್ತು ಎಪ್ಪತ್ತು ಸಲ ಬಿದ್ದೆ. ಯಾರು ಬಲವನ್ನು ಎಲ್ಲಿ ಹಾಕುತ್ತಾರೆ, ಯಾರ ಹೆಜ್ಜೆ ಎಲ್ಲಿ ತಡೆಯುತ್ತದೆ, ಯಾರು ಎಸೆಯುವ ಮೊದಲು ಕಣ್ಣು ಮುಚ್ಚುತ್ತಾರೆ ಎಂಬುದು ಹೊರಗೆ ನಿಂತು ನೋಡಿದಾಗ ಕಾಣದಿದ್ದುದು ಬಿದ್ದಾಗ ತಿಳಿಯತೊಡಗಿತು. ಫುಕುಡ ಗುರುಗಳ ಬೋಧನಾಕ್ರಮದ ಮರ್ಮ ಆಗ ಅರ್ಥವಾಯಿತು. ಜಪಾನಿನಲ್ಲಿ ಎಸೆಸಿಕೊಳ್ಳುವವನಿಗೆ ‘ಉಕೆ’ ಎನ್ನುತ್ತಾರೆ. ಸ್ವೀಕರಿಸುವವನು ಎಂದು ಅದರ ಅರ್ಥ. ಶಿಷ್ಯನ ತಪ್ಪನ್ನು ತನ್ನ ಮೈಮೇಲೆ ಸ್ವೀಕರಿಸಬಲ್ಲವನೇ ಶಿಕ್ಷಕನೆಂದು ನಾನು ಈಗ ತಿಳಿದಿದ್ದೇನೆ.

ಮಕ್ಕಳಿಗೆ ಕಲಿಸುವುದು

ಮಕ್ಕಳು ಚಿಕ್ಕ ಅಳತೆಯ ದೊಡ್ಡವರಲ್ಲ. ಮೈಯೊಂದಿಗೆ ಹೋಲಿಸಿದರೆ ಅವರ ತಲೆಯ ಭಾರ ಹೆಚ್ಚು, ಕತ್ತಿನ ಬಲ ಕಡಿಮೆ. ಅವರ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದುವಾದ ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ. ಅಲ್ಲಿ ಪೆಟ್ಟಾದರೆ ಮೂಳೆಯ ಬೆಳವಣಿಗೆಯೇ ಕೆಡಬಹುದು. ಆದುದರಿಂದ ಕೀಲು ತಿರುಚುವ ಪಟ್ಟುಗಳನ್ನೂ ಕತ್ತು ಒತ್ತುವ ಪಟ್ಟುಗಳನ್ನೂ ನಾವು ಮಕ್ಕಳಿಗೆ ಕಲಿಸುವುದೇ ಇಲ್ಲ.

ಜೋಡಿ ಕಟ್ಟುವಾಗ ವಯಸ್ಸಿಗಿಂತ ತೂಕವನ್ನು ನೋಡಬೇಕು. ಮಾನಸೋಲ್ಲಾಸದಲ್ಲಿಯೂ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಿದ್ದಾರೆ. ಆ ವಿವೇಕ ನನಗೆ ಮೊದಲೇ ಇದ್ದಿದ್ದರೆ ಚೆನ್ನಾಗಿತ್ತು. ತರಗತಿಗೆ ಮುಂಚೆ ಉಗುರು ಕತ್ತರಿಸಿದೆಯೇ, ಹಾಸುಗಳ ನಡುವೆ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಬಿರುಕಿನಲ್ಲಿ ಕಾಲ್ಬೆರಳು ಸಿಕ್ಕಿದರೆ ಮುರಿದಂತೆಯೇ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ‘ಗದ್ದ ಒಳಗೆ, ಬೆನ್ನು ಬಿಲ್ಲು, ಕೈ ಹೀಗೆ, ಉಸಿರು ಹಾಗೆ’ ಎಂದು ನಾಲ್ಕನ್ನೂ ಒಟ್ಟಿಗೆ ಹೇಳಿದರೆ ಮಗು ನಾಲ್ಕನ್ನೂ ಬಿಡುತ್ತದೆ. ಗದ್ದದ ಕೆಳಗೆ ಒಂದು ಕರವಸ್ತ್ರ ಸಿಕ್ಕಿಸಿ ‘ಇದು ಕೆಳಗೆ ಬೀಳಬಾರದು’ ಎಂದರೆ ವಿವರಣೆಯೇ ಬೇಕಿಲ್ಲ. ಏಡಿಯಂತೆ, ಆಮೆಯಂತೆ, ಸೀಗಡಿಯಂತೆ ನಡೆಸಿದರೆ ಅವರಿಗೆ ಅದು ಆಟ. ನಮಗೆ ಅದು ಪಾಠ. ಕಬಡ್ಡಿ ಆಡಿದ ಮಕ್ಕಳು ಹಿಡಿತಕ್ಕೆ ಬೇಗ ಒಗ್ಗುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎಸೆಯುವವನ ಕೈ. ಸರಿಯಾಗಿ ಎಸೆಯಬಲ್ಲವನು ಎಸೆದ ಮೇಲೆ ಎದುರಾಳಿಯ ತೋಳಿನ ಬಟ್ಟೆಯನ್ನು ಕೈಬಿಡುವುದಿಲ್ಲ. ಅದನ್ನು ತನ್ನತ್ತ ಮೇಲಕ್ಕೆ ಎಳೆದು ಹಿಡಿಯುತ್ತಾನೆ. ಆ ಎಳೆತದಿಂದ ಬೀಳುವವನ ತಲೆ ನೆಲಕ್ಕೆ ಅಪ್ಪಳಿಸದೆ ಉಳಿಯುತ್ತದೆ. ಕೆಡಹುವ ಕೈಯೇ ಕಾಯುವ ಕೈಯೂ ಆಗಿರಬೇಕೆಂಬುದು ಇದರ ನಿಯಮ. ಈಗ ನಾನು ಮಕ್ಕಳಿಗೆ ಅಂಕ ಕೊಡುವಾಗ ಎಷ್ಟು ಚೆನ್ನಾಗಿ ಎಸೆದೆ ಎಂದು ಕೇಳುವುದಿಲ್ಲ. ನಿನ್ನ ಜೋಡಿ ಎಷ್ಟು ಚೆನ್ನಾಗಿ ಬಿದ್ದ ಎಂದು ಕೇಳುತ್ತೇನೆ.

ಇದು ನನ್ನೊಬ್ಬಳ ಅಂಜಿಕೆಯಲ್ಲ. ಜೂಡೊವಿನ ತವರಾದ ಜಪಾನಿನಲ್ಲಿಯೇ ೧೯೮೩ರಿಂದ ಮುಂದಿನ ಸುಮಾರು ಮೂರು ದಶಕಗಳಲ್ಲಿ ಶಾಲೆಗಳ ಜೂಡೊ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ತಲೆಗೆ ಬಿದ್ದ ಪೆಟ್ಟು ಮುಖ್ಯ ಕಾರಣಗಳಲ್ಲೊಂದು. ಸತ್ತವರಲ್ಲಿ ಅನೇಕರು ಆಗತಾನೇ ಸೇರಿದವರು. ನಾನು ಕಲಿಸಲು ಅವಸರಪಟ್ಟ ಆ ಓ-ಸೊಟೊ-ಗಾರಿಯ ಹೆಸರು ಆ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ೨೦೨೨ರಲ್ಲಿ ಜಪಾನಿನ ಜೂಡೊ ಒಕ್ಕೂಟವು ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರಮಟ್ಟದ ಪಂದ್ಯಾವಳಿಯನ್ನೇ ನಿಲ್ಲಿಸಿತು. ಗೆಲುವೊಂದೇ ಗುರಿಯಾದರೆ ದೊಡ್ಡವರೇ ಮಕ್ಕಳನ್ನು ಕೆಡಿಸುತ್ತಾರೆಂಬುದು ಅವರು ಕೊಟ್ಟ ಕಾರಣ.

ದೊಡ್ಡವರಿಗೆ ಕಲಿಸುವುದು

ದೊಡ್ಡವರ ಕಷ್ಟವೇ ಬೇರೆ. ಮಕ್ಕಳು ದಿನವೂ ಬೀಳುವವರು. ದೊಡ್ಡವರು ಬಿದ್ದು ಬಹಳ ವರ್ಷಗಳಾಗಿರುತ್ತವೆ. ನೆಲ ಅವರಿಗೆ ದೂರದ ಊರು. ನಮ್ಮ ಬೆಳಗಿನ ತರಗತಿಗೆ ಬ್ಯಾಂಕಿನ ನೌಕರರೊಬ್ಬರು, ಒಬ್ಬ ಬಸ್ ನಿರ್ವಾಹಕರು, ಇಬ್ಬರು ಶಾಲಾ ಉಪಾಧ್ಯಾಯಿನಿಯರು, ಕೆಲವರು ಗೃಹಿಣಿಯರು ಬರುತ್ತಾರೆ. ನನ್ನ ತಾಯಿಯ ವಯಸ್ಸಿನವರಿಗೆ ‘ಬೀಳಿ’ ಎಂದು ಹೇಳಲು ಮೊದಮೊದಲು ನಾಲಿಗೆಯೇ ಏಳುತ್ತಿರಲಿಲ್ಲ. ಸೇರುವ ದಿನವೇ ಮಂಡಿನೋವು, ಬೆನ್ನುನೋವು, ರಕ್ತದ ಒತ್ತಡ, ಹಳೆಯ ಶಸ್ತ್ರಚಿಕಿತ್ಸೆಗಳನ್ನು ವಿಚಾರಿಸಿ ಬರೆದಿಟ್ಟುಕೊಳ್ಳುತ್ತೇವೆ. ಮೈಮುಟ್ಟಿ ಕಲಿಸಬೇಕಾದ ವಿದ್ಯೆಯಾದ್ದರಿಂದ ಎಲ್ಲಿ ಹಿಡಿಯುತ್ತೇನೆಂದು ಮೊದಲು ಹೇಳಿ, ಒಪ್ಪಿಗೆ ಪಡೆದು, ಆಮೇಲೆ ಹಿಡಿಯಬೇಕು.

ಮಕ್ಕಳು ‘ಹೇಗೆ’ ಎಂದು ಕೇಳುತ್ತಾರೆ. ದೊಡ್ಡವರು ‘ಏಕೆ’ ಎಂದು ಕೇಳುತ್ತಾರೆ. ಯಾರಾದರೂ ಮಣಿಕಟ್ಟು ಹಿಡಿದರೆ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳಬೇಕೆಂದರೆ ಸಾಲದು. ನಾಲ್ಕು ಬೆರಳುಗಳಿಗೆ ಎದುರಾಗಿ ಹೆಬ್ಬೆರಳು ಒಂದೇ ಇರುವುದರಿಂದ, ಅವುಗಳ ತುದಿಗಳು ಕೂಡುವ ಸ್ಥಳದಲ್ಲಿಯೇ ಹಿಡಿತ ದುರ್ಬಲ ಎಂದು ತೋರಿಸಿದರೆ ಅವರು ಮರೆಯುವುದಿಲ್ಲ. ಒಮ್ಮೆ ಉಪಾಧ್ಯಾಯಿನಿಯೊಬ್ಬರು, “ರಸ್ತೆಯಲ್ಲಿ ಯಾರಾದರೂ ಚಾಕು ತೋರಿಸಿದರೆ ಯಾವ ಪಟ್ಟು ಹಾಕಬೇಕು ಸಾರ್?” ಎಂದು ಗುರುಗಳನ್ನು ಕೇಳಿದರು. “ಓಡೋ ಪಟ್ಟು ಹಾಕಬೇಕಮ್ಮ” ಎಂದರು ಗುರುಗಳು. ಎಲ್ಲರೂ ನಕ್ಕರೂ ಗುರುಗಳು ನಗಲಿಲ್ಲ. ಮೂರು ತಿಂಗಳು ಕಲಿತವರಿಗೆ ಚಾಕುವನ್ನು ಎದುರಿಸಬಲ್ಲೆನೆಂಬ ಧೈರ್ಯ ತುಂಬುವ ಶಿಕ್ಷಕ ಅವರ ಪ್ರಾಣದೊಡನೆ ಆಟವಾಡುತ್ತಾನೆ. ತಿಳಿಯದುದನ್ನು ತಿಳಿದಂತೆ ಹೇಳದಿರುವುದು ಎಲ್ಲ ಶಿಕ್ಷಕರ ಧರ್ಮ. ಇಲ್ಲಿ ಅದು ಜೀವದ ಪ್ರಶ್ನೆ.

ದೊಡ್ಡವರಿಗೆ ಬಹಳ ಕಷ್ಟವಾಗುವ ಇನ್ನೊಂದು ಪಾಠ ಸೋಲನ್ನು ಒಪ್ಪಿಕೊಳ್ಳುವುದು. ಹಿಡಿತದಲ್ಲಿ ಸಿಕ್ಕಿದವನು ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಸಲ ತಟ್ಟಿದರೆ, ಹಿಡಿದವನು ಆ ಕ್ಷಣವೇ ಬಿಡಬೇಕು. ಕತ್ತಿನ ಎರಡು ಬದಿಯ ರಕ್ತನಾಳಗಳನ್ನು ಒತ್ತಿದರೆ ಸುಮಾರು ಹತ್ತು ಸೆಕೆಂಡುಗಳಲ್ಲಿ ಎಚ್ಚರ ತಪ್ಪಬಹುದು. ಆದುದರಿಂದ ಸ್ವಾಭಿಮಾನಕ್ಕಾಗಿ ತಟ್ಟದಿರುವುದು ಶೌರ್ಯವಲ್ಲ, ಅವಿವೇಕ. ತಟ್ಟಿದ ಮೇಲೂ ಬಿಡದಿರುವುದು ಅವಿವೇಕಕ್ಕಿಂತಲೂ ಕೆಟ್ಟದ್ದು, ದ್ರೋಹ. ಈ ನಂಬಿಕೆಯೊಂದು ಇರುವುದರಿಂದಲೇ ಇಬ್ಬರು ಅಪರಿಚಿತರು ಒಬ್ಬರ ಕತ್ತನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಲಿಯಲು ಸಾಧ್ಯವಾಗಿದೆ.

ಶಿಕ್ಷಕಿಯಾಗುವುದು ಎಂದರೆ

ಕಪ್ಪು ಪಟ್ಟಿ ಕಟ್ಟಿದವರೆಲ್ಲ ಗುರುಗಳೆಂದು ಜನ ತಿಳಿಯುತ್ತಾರೆ. ಕಾನೊ ೧೮೮೩ರಲ್ಲಿ ತಮ್ಮ ಇಬ್ಬರು ಶಿಷ್ಯರಿಗೆ ಮೊದಲ ಬಾರಿಗೆ ಕೊಟ್ಟ ದರ್ಜೆಯ ಹೆಸರು ‘ಶೊದಾನ್’. ಆರಂಭದ ಮೆಟ್ಟಿಲೆಂದು ಅದರ ಅರ್ಥ. ಅಂದರೆ ಅಲ್ಲಿಯವರೆಗೆ ಕಲಿತದ್ದು ಅಂಗಳದ ಪಾಠ. ಮನೆಯೊಳಗೆ ಹೋಗುವುದು ಇನ್ನು ಮೇಲೆ. ಕಾನೊ ಅವರ ಮೊದಲ ಗುರುಗಳಾದ ಫುಕುಡ ಅವರ ಮೊಮ್ಮಗಳು ಕೆಯ್ಕೊ ಫುಕುಡ ೧೯೩೫ರಲ್ಲಿ ಕೊಡೊಕಾನಿನ ಮಹಿಳಾ ವಿಭಾಗಕ್ಕೆ ಸೇರಿದರು. ಹೆಂಗಸರಿಗೆ ಐದನೆಯ ದರ್ಜೆಗಿಂತ ಮೇಲೆ ಕೊಡುವ ಪದ್ಧತಿ ಇರಲಿಲ್ಲವಾಗಿ ಅವರು ಬಹುಕಾಲ ಅಲ್ಲಿಯೇ ನಿಲ್ಲಬೇಕಾಯಿತು. ಆರನೆಯದು ಬಂದದ್ದು ೧೯೭೨ರಲ್ಲಿ. ಮುಂದೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿ ಕಲಿಸಿದರು. ೨೦೧೧ರಲ್ಲಿ, ೯೮ನೆಯ ವಯಸ್ಸಿನಲ್ಲಿ, ಅಮೆರಿಕದ ಜೂಡೊ ಸಂಸ್ಥೆಯೊಂದು ಅವರಿಗೆ ಹತ್ತನೆಯ ದರ್ಜೆಯನ್ನು ನೀಡಿತು. ೨೦೧೩ರಲ್ಲಿ ತೀರಿಕೊಂಡರು. ದರ್ಜೆ ಬಂದರೂ ಬಾರದಿದ್ದರೂ ಕಲಿಸುವುದನ್ನು ಅವರು ಬಿಡಲಿಲ್ಲವೆಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ನನ್ನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಆ ಘಟನೆಯಾದ ಎರಡು ವಾರಗಳ ಮೇಲೆ ಬಸ್ ನಿಲ್ದಾಣಕ್ಕೆ ಹೋಗಿ ಆ ಹುಡುಗನ ತಂದೆಯನ್ನು ಕಂಡೆ. “ಅವತ್ತು ನಾನು ಪೂರ್ತಿ ಹೇಳಲಿಲ್ಲ. ಬೀಳೋದು ಎರಡೇ ದಿನ ಹೇಳಿಕೊಟ್ಟಿದ್ದೆ. ಅದು ಸಾಲದು ಅಂತ ನನಗೆ ಗೊತ್ತಿತ್ತು” ಎಂದೆ. ಅವರು ಕೈಯಲ್ಲಿದ್ದ ಎಳನೀರನ್ನು ಕೆತ್ತುತ್ತಲೇ ಇದ್ದರು. “ಈ ಮಚ್ಚು ಹಿಡಿಯೋಕೆ ನಮ್ಮಪ್ಪ ನನ್ನ ಒಂದು ವರ್ಷ ಬಿಟ್ಟಿರಲಿಲ್ಲ ಮೇಡಂ. ಬರೀ ಕಾಯಿ ಹೊರಿಸ್ತಿದ್ರು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಕೈ ಸರಿಯಾದ ಮೇಲೆ ಕಳಿಸ್ತೀನಿ. ನಿಧಾನಕ್ಕೆ ಹೇಳಿಕೊಡಿ” ಎಂದರು.

ಹುಡುಗ ಬಂದ. ಮೊದಲ ದಿನ ಹಾಸಿನ ಅಂಚಿಗೆ ಬಂದು ನಿಂತನೇ ಹೊರತು ಕಾಲಿಡಲಿಲ್ಲ. ನಾನು ಬಲವಂತ ಮಾಡಲಿಲ್ಲ. ಅವನ ಕೈಗೆ ನನ್ನ ತೋಳು ಕೊಟ್ಟು, ಮೊದಲು ನೀನು ನನ್ನನ್ನು ಕೆಡಹು ಎಂದೆ. ಒಂದು ವಾರ ಅವನು ನನ್ನನ್ನು ಕೆಡಹಿದ, ನಾನು ಬಿದ್ದೆ. ಆಮೇಲೆ ಕುಳಿತಲ್ಲಿಂದ ಬೀಳಲು ಆರಂಭಿಸಿದ. ಅವನನ್ನು ಅಂದು ಎಸೆದಿದ್ದ ಹುಡುಗ ಅಷ್ಟು ದಿನವೂ ಯಾರನ್ನೂ ಎಸೆಯಲು ಒಪ್ಪ
ಿರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ. ಎಸೆತ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಎಸೆದವನು ತೋಳನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದುಕೊಂಡಿದ್ದ; ಬಿದ್ದವನು ಎದ್ದ ಮೇಲೂ ಅವನು ಬಿಡಲಿಲ್ಲ. “ಸಾಕು ಬಿಡೋ” ಎಂದು ಬಿದ್ದವನೇ ಹೇಳಬೇಕಾಯಿತು.

‘ಬೀಳುವುದಕ್ಕೂ ಒಬ್ಬ ಮೇಷ್ಟರು ಬೇಕೆ?’ ಎಂಬ ಗೆಳತಿಯ ಪ್ರಶ್ನೆಗೆ, ಬೇಕು ಎಂದೇ ನನ್ನ ಉತ್ತರ. ಬೀಳದೆ ಯಾರೂ ಬದುಕಲಾರರು. ಬೀಳುವಾಗ ತಲೆ ಕಾಯ್ದುಕೊಳ್ಳುವುದನ್ನೂ, ಇನ್ನೊಬ್ಬರು ಬೀಳುವಾಗ ಅವರ ತೋಳನ್ನು ಬಿಡದಿರುವುದನ್ನೂ ಯಾರಾದರೂ ಹೇಳಿಕೊಡಲೇಬೇಕು. ನಮ್ಮ ಕಾಲೇಜಿನ ಸಭಾಂಗಣ ಬೆಳಗಿನ ಎಂಟು ಗಂಟೆಯವರೆಗೆ ಖಾಲಿಯಾಗಿಯೇ ಇರುತ್ತದೆ. ಮಾನ್ಯ ಪ್ರಾಂಶುಪಾಲರು ಅನುಮತಿ ಕೊಟ್ಟು, ದೈಹಿಕ ಶಿಕ್ಷಣದ ಉಪನ್ಯಾಸಕರು ಮನಸ್ಸು ಮಾಡಿದರೆ, ಮುಂದಿನ ವರ್ಷ ಅಲ್ಲಿ ಹಾಸುಗಳನ್ನು ಹಾಸಬಹುದು. ಬರುವ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ ಒಂದು ಮಾತನ್ನು ಮಾತ್ರ ಈಗಲೇ ಹೇಳಿರುತ್ತೇನೆ: ಮೊದಲ ಆರು ವಾರ ಎಸೆತದ ಮಾತೆತ್ತುವಂತಿಲ್ಲ.